ಆಪರೇಷನ್ ಆಗೈತಲ್ಲ, ಇನ್ನೇನು

ನಾನು ಹುಟ್ಟಿದ್ದು ರಾವಂದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ. ಹುಟ್ಟುವಾಗಲೇ ಹೃದಯದಲ್ಲಿ ತೊಂದರೆ ಇತ್ತು. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಮನೆಯವರಿಗೆ ಕಂಡದ್ದು ಇಷ್ಟೇ: ಸ್ವಲ್ಪ ಓಡಿದರೆ ನನ್ನ ತುಟಿ, ಉಗುರು ನೀಲಿಯಾಗುತ್ತಿದ್ದವು. ದಾರಿಯ ನಡುವೆ ಎಲ್ಲೆಂದರಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದೆ. ಹಾಗೆ ಕೂತರೆ ಉಸಿರು ಮೆಲ್ಲಗೆ ಹಿಡಿತಕ್ಕೆ ಬರುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಮೈಯೇ ಕಲಿತುಕೊಂಡದ್ದು. ನೋಡಿದವರು ಮೊಂಡು ಹುಡುಗಿ ಎಂದುಕೊಂಡರು. ನೇರಳೆ ಹಣ್ಣಿನ ಕಾಲದಲ್ಲಿ ಮಾತ್ರ ನನ್ನ ತುಟಿಯ ಬಗ್ಗೆ ಯಾರೂ ಕೇಳುತ್ತಿರಲಿಲ್ಲ.

"ಹೆಣ್ಣ್ ಕೂಸು, ದೇವ್ರು ಕೊಟ್ಟಷ್ಟ್ ದಿನ ಇರ್ಲಿ ಬುಡು," ಎಂದು ಅಜ್ಜಿ ಅವ್ವನಿಗೆ ಹೇಳುತ್ತಿದ್ದಳಂತೆ. ಅವ್ವ ಬಿಡಲಿಲ್ಲ. ಅಪ್ಪ ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ಬರಲಾರದ ದಿನಗಳಲ್ಲಿ ಒಬ್ಬಳೇ ನನ್ನನ್ನು ಸೊಂಟಕ್ಕೇರಿಸಿಕೊಂಡು ಪಿರಿಯಾಪಟ್ಟಣ, ಮೈಸೂರು, ಕೊನೆಗೆ ಬೆಂಗಳೂರು ಎಂದು ಬಸ್ಸು ಹತ್ತಿ ಇಳಿದಳು. ನನಗೆ ಆರು ವರ್ಷವಾಗಿದ್ದಾಗ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎದೆ ತೆರೆದು ತೂತು ಮುಚ್ಚಿದರು, ಇಕ್ಕಟ್ಟಾದ ದಾರಿಯನ್ನು ಅಗಲ ಮಾಡಿದರು. ಊರಿಗೆ ಬಂದಾಗ ತುಟಿ ಕೆಂಪಗಿತ್ತು. ಅಜ್ಜಿ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಉಗುರು ನೋಡಿದ್ದು ಈಗಲೂ ನೆನಪಿದೆ. ಆಮೇಲೆ ಒಳಗೆ ಹೋಗಿ ಮುದ್ದೆ ಕಟ್ಟಿಕೊಂಡು ಬಂದಳು.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದ್ದರು. ಇನ್ನು ಮೇಲೆ ಎಲ್ಲ ಮಕ್ಕಳ ಹಾಗೆ ಬೆಳೆಯಲಿ ಎನ್ನುವುದು ಒಂದು. ವರ್ಷಕ್ಕೊಮ್ಮೆ ತಪ್ಪದೆ ಕರೆತಂದು ತೋರಿಸಿ ಎನ್ನುವುದು ಇನ್ನೊಂದು. ಮೊದಲನೆಯದನ್ನು ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ನೀರಿನ ಬಿಂದಿಗೆ ಮುಟ್ಟುವಂತಿಲ್ಲ. ಬ್ಯಾರನ್ನಿನ ಹತ್ತಿರ ಸುಳಿಯುವಂತಿಲ್ಲ, ಹೊಗೆ ಎದೆಗೆ ಹೋಗುತ್ತದೆ. ಮಳೆಯಲ್ಲಿ ನೆನೆಯುವಂತಿಲ್ಲ. ನನ್ನ ವಯಸ್ಸಿನವರೆಲ್ಲ ಕುಂಟೆಬಿಲ್ಲೆ ಆಡುವಾಗ ನಾನು ಜಗಲಿಯ ಮೇಲೆ ಕೂತು ಯಾರು ಗೆರೆ ತುಳಿದರು ಎಂದು ಕೂಗಬೇಕು. ಶಾಲೆಗೆ ಹೋಗಿ ಡ್ರಿಲ್ ಮೇಷ್ಟ್ರಿಗೂ ಹೇಳಿ ಬಂದಿದ್ದಳು. ಅವರು ನನಗೊಂದು ಕೆಲಸ ಕೊಟ್ಟರು: ಆಟಕ್ಕೆ ಇಳಿದವರ ಚಪ್ಪಲಿ ಕಾಯುವುದು. ಪ್ರೈಮರಿ ಶಾಲೆಯ ವರ್ಷಗಳನ್ನೆಲ್ಲ ನಾನು ಚಪ್ಪಲಿಗಳ ನಡುವೆ ಕಳೆದೆ.

ಒಂದು ಸಲ ತಡೆಯಲಾರದೆ ಕೇಳಿದೆ. "ಡಾಕ್ಟ್ರು ಆಡ್ಬೌದು ಅಂದ್ರಲ್ಲವ್ವ?"

"ಡಾಕ್ಟ್ರು ಅವ್ರ ಮನೆಗೋದ್ರು ಕಣಮ್ಮಿ. ನೀನು ನಮ್ಮನೇಲಿದ್ದೀಯೆ."

ಎರಡನೆಯ ಮಾತನ್ನು ಮಾತ್ರ ಅವ್ವ ಪಾಲಿಸಿದಳು. ವರ್ಷಕ್ಕೊಮ್ಮೆ ಹೋಗುತ್ತಿದ್ದೆವು. ಹೈಸ್ಕೂಲಿಗೆ ಬಂದ ಮೇಲೆ ಒಂದು ವರ್ಷ ಮಕ್ಕಳ ವಿಭಾಗದವರು ನನ್ನ ಎತ್ತರ ನೋಡಿ, ಇವಳು ದೊಡ್ಡವಳಾದಳು, ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ ಎಂದರು. ಅಲ್ಲಿ ನಮ್ಮ ಅಕ್ಕಪಕ್ಕ ಕೂತವರೆಲ್ಲ ಅಜ್ಜಂದಿರು. ಒಳಗಿದ್ದ ಡಾಕ್ಟರು ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು, "ಆಪರೇಷನ್ ಚೆನ್ನಾಗಿ ಆಗಿದೆ. ತೊಂದರೆ ಏನಾದ್ರೂ ಇದ್ರೆ ಬನ್ನಿ," ಎಂದು ಮುಂದಿನವರನ್ನು ಕರೆದರು.

ಹೊರಗೆ ಬಂದ ಅವ್ವ ಅಲ್ಲೇ ಗೋಡೆಗೆ ಒರಗಿ ನಿಂತಳು. "ಮುಗೀತು ಕಣಮ್ಮಿ. ಇನ್ಯಾವತ್ತೂ ಯಾರ್ ಮುಂದೂ ಎದೆ ತೋರ್ಸಂಗಿಲ್ಲ ನೀನು." ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ತೊಂದರೆ ಇದ್ದರೆ ಬನ್ನಿ ಎನ್ನುವ ಮಾತು ಇನ್ನು ಬರುವುದೇ ಬೇಡ ಎನ್ನುವ ಮಾತಾಗಿ ನಮ್ಮ ಮನೆಯಲ್ಲಿ ಉಳಿದುಕೊಂಡಿತು. ನಾನೂ ಅದನ್ನೇ ನಂಬಿದೆ.

ಓದಿ ಪ್ರೈಮರಿ ಶಾಲೆಯ ಟೀಚರ್ ಆದೆ. ಮೊದಲು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಶಾಲೆ, ಆಮೇಲೆ ಹುಣಸೂರಿನ ಅಂಚಿನಲ್ಲಿರುವ ಈಗಿನ ಶಾಲೆ. ಮದುವೆಯಾದದ್ದು ಕೆ.ಆರ್. ನಗರದ ಕಡೆಯ ಭತ್ತದ ಊರಿಗೆ. ಹೆಣ್ಣು ನೋಡಲು ಬಂದಾಗ ಎದೆಯ ಗಾಯದ ವಿಷಯ ಎತ್ತಬೇಡವೆಂದು ಅವ್ವ ಕಣ್ಣಿನಲ್ಲೇ ಹೇಳುತ್ತಿದ್ದಳು. ನಾನು ಹುಡುಗನಿಗೆ ನೇರವಾಗಿ ಹೇಳಿಬಿಟ್ಟೆ. ಅವರು ಸ್ವಲ್ಪ ಯೋಚಿಸಿ, "ಈಗ ಸರಿ ಹೋಗೈತಲ್ವಾ?" ಎಂದರು. "ಹೋಗಿದೆ," ಎಂದೆ. "ಆಪರೇಷನ್ ಆಗೈತಲ್ಲ, ಇನ್ನೇನು ಬುಡಿ," ಎಂದು ಕಾಫಿ ಕುಡಿದರು. ಒಳ್ಳೆಯ ಮನುಷ್ಯ. ಆದರೆ ಆ ಮಾತನ್ನು ಮುಂದೆ ಎಷ್ಟು ಜನರ ಬಾಯಲ್ಲಿ ಕೇಳಬೇಕಾಗುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಬಸುರಿಯಾದಾಗ ಕೆ.ಆರ್. ನಗರದ ಡಾಕ್ಟರಮ್ಮ ಎದೆಯ ಶಬ್ದ ಕೇಳಿ ಮೈಸೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದವರು, "ಒಂದು ಕವಾಟ ಸ್ವಲ್ಪ ಸೋರುತ್ತಿದೆ. ಹೆರಿಗೆಗೆ ತೊಂದರೆ ಇಲ್ಲ. ಆದಮೇಲೆ ಬಂದು ಇನ್ನೊಂದು ಸಲ ತೋರಿಸಿ," ಎಂದರು. ಮಗಳು ಹುಟ್ಟಿದಳು. ಬಾಣಂತನ, ಮಗುವಿನ ಲಸಿಕೆ, ನನ್ನ ರಜೆ ಮುಗಿದದ್ದು, ಈ ಗದ್ದಲದಲ್ಲಿ ಸೋರುವ ಕವಾಟದ ಮಾತು ಎಲ್ಲರ ತಲೆಯಿಂದಲೂ ಜಾರಿಹೋಯಿತು.

ನೆನಪಿಸುವವರು ಇರಲಿಲ್ಲವೆಂದಲ್ಲ. ತಪ್ಪಾಗಿ ನೆನಪಿಸುವವರಿದ್ದರು. ಒಂದು ಸಲ ಚಳಿಜ್ವರವೆಂದು ಶಾಲೆಯಿಂದ ನೇರವಾಗಿ ಒಂದು ಚಿಕ್ಕ ನರ್ಸಿಂಗ್ ಹೋಂಗೆ ಹೋದೆ. ಅಲ್ಲಿದ್ದ ಹೊಸ ಡಾಕ್ಟರು ಕುತ್ತಿಗೆಯ ಹತ್ತಿರ ಗಾಯದ ತುದಿ ಕಂಡು ಇಸಿಜಿ ತೆಗೆಸಿದರು. ಕಾಗದ ನೋಡಿದವರೇ ಎದ್ದು ನಿಂತರು.

"ನೀವು ಅಲ್ಲಾಡಬೇಡಿ. ಹಾರ್ಟ್ ಅಟ್ಯಾಕ್ ಇರಬಹುದು."

"ಇಲ್ಲ ಸಾರ್, ನನ್ನ ಇಸಿಜಿ ಮೊದಲಿಂದ ಹಿಂಗೇ. ಚಿಕ್ಕಂದಿನಲ್ಲಿ ಆಪರೇಷನ್ ಆದಾಗಿನಿಂದ."

"ನೀವು ಡಾಕ್ಟ್ರಾ?"

"ಟೀಚರ್ ಸಾರ್."

"ಹಂಗಾದ್ರೆ ಸುಮ್ನೆ ಮಲಗಿ."

ಜ್ವರಕ್ಕೆ ಹೋದವಳನ್ನು ಆಂಬುಲೆನ್ಸಿನಲ್ಲಿ ಮೈಸೂರಿಗೆ ಸಾಗಿಸಿದರು. ನಾನು ಅಲ್ಲಿಗೆ ಮುಟ್ಟುವ ಮೊದಲೇ ಟೀಚರಿಗೆ ಹಾರ್ಟ್ ಅಟ್ಯಾಕ್ ಎಂಬ ಸುದ್ದಿ ಹುಣಸೂರಿನಿಂದ ರಾವಂದೂರಿಗೆ ಮುಟ್ಟಿತ್ತು. ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿ, ಅಟ್ಯಾಕ್ ಅಲ್ಲ, ಹಳೆಯ ಆಪರೇಷನ್ನಿನಿಂದ ಇಸಿಜಿ ಹೀಗೆ ಬರುತ್ತದೆ ಎಂದು ಜ್ವರದ ಮಾತ್ರೆ ಕೊಟ್ಟು ಕಳಿಸಿದರು. ಆ ವಾರವೆಲ್ಲ ನೆಂಟರು ಬ್ರೆಡ್ಡು, ಮೂಸಂಬಿ ಹಿಡಿದು ಬಂದು ನನ್ನ ಎದುರು ಕೂತು ನಿಟ್ಟುಸಿರು ಬಿಟ್ಟರು. ಇಲ್ಲದ ಕಾಯಿಲೆಗೆ ಇಷ್ಟು ಜನ. ಇರುವ ಕಾಯಿಲೆ ಒಳಗೆ ಬೆಳೆಯುತ್ತಿತ್ತು, ಅದನ್ನು ಕೇಳುವವರಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಸುಸ್ತು ಶುರುವಾಯಿತು. ಮನೆಮನೆ ಸಮೀಕ್ಷೆಗೆ ಹೋದಾಗ ಎರಡು ಬೀದಿ ಮುಗಿಸುವಷ್ಟರಲ್ಲಿ ಯಾರದಾದರೂ ಜಗಲಿಯ ಮೇಲೆ ಕೂರಬೇಕಾಗುತ್ತಿತ್ತು. ಸಂಜೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತಿತ್ತು. ಕೆಲವೊಮ್ಮೆ ಎದೆಯೊಳಗೆ ಮೀನು ಹೊರಳಿದ ಹಾಗೆ ಬಡಿತ ತಪ್ಪುತ್ತಿತ್ತು.

ಯಜಮಾನರಿಗೆ ಹೇಳಿದೆ. "ಗ್ಯಾಸ್ ಇರ್ಬೇಕು ಕಣೆ," ಎಂದರು. ಅವರಿಗೆ ಬೆನ್ನುನೋವೂ ಗ್ಯಾಸು, ತಲೆಸುತ್ತೂ ಗ್ಯಾಸು. ಅತ್ತೆ ರಕ್ತ ಕಮ್ಮಿಯಾಗಿದೆ ಎಂದು ದಿನಾ ಬೀಟ್‌ರೂಟ್ ಪಲ್ಯ ಬಡಿಸಿದರು. ಸಹೋದ್ಯೋಗಿ ಟೀಚರ್ ಥೈರಾಯ್ಡ್ ಎಂದರು. ಅವ್ವ ಫೋನಿನಲ್ಲಿ ದೃಷ್ಟಿಯಾಗಿದೆ ಎಂದಳು, ಮುಂದಿನ ಬಸ್ಸಿಗೆ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಹೋದಳು. ಹೃದಯ ಏನಾದರೂ ಇರಬಹುದೇ ಎಂದು ನಾನು ಬಾಯಿ ತೆರೆದರೆ ಎಲ್ಲರದೂ ಒಂದೇ ಉತ್ತರ. "ಅದಕ್ಕೆ ಆಪರೇಷನ್ ಆಗೈತಲ್ಲ."

ನಾನು ಎಲ್ಲವನ್ನೂ ಮಾಡಿದೆ. ಗ್ಯಾಸಿನ ಪುಡಿ ಕುಡಿದೆ, ಬೀಟ್‌ರೂಟ್ ತಿಂದೆ, ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಚೆನ್ನಾಗಿತ್ತು. ಗ್ಯಾಸೂ ಇತ್ತೋ ಏನೋ, ಅಷ್ಟು ಬೀಟ್‌ರೂಟ್ ತಿಂದ ಮೇಲೆ.

ಕೊನೆಗೆ ವಿಷಯ ಹೊರಬಿದ್ದದ್ದು ಚುನಾವಣೆಯಿಂದ. ನನ್ನನ್ನು ಎಚ್.ಡಿ. ಕೋಟೆ ಕಡೆಯ ಮತಗಟ್ಟೆಗೆ ಹಾಕಿದ್ದರು. ಮತದಾನದ ಹಿಂದಿನ ದಿನ ಬೆಳಿಗ್ಗೆ ಮತಯಂತ್ರ ಪಡೆಯಲು ಕಾಲೇಜು ಮೈದಾನದಲ್ಲಿ ಎಲ್ಲರೂ ಸಾಲು ನಿಂತಿದ್ದೆವು. ಬಿಸಿಲು ಏರುತ್ತಿತ್ತು. ಎದೆಯಲ್ಲಿ ಆ ಮೀನು ಹೊರಳಲು ಶುರುವಾಯಿತು, ಈ ಸಲ ನಿಲ್ಲಲಿಲ್ಲ. ಮುಂದೆ ನಿಂತಿದ್ದವರ ಬೆನ್ನು ಕಪ್ಪಾದದ್ದು ನೆನಪು. ಕಣ್ಣು ಬಿಟ್ಟಾಗ ಶಾಮಿಯಾನದ ನೆರಳಿನಲ್ಲಿದ್ದೆ. ಯಾರೋ ಮುಖಕ್ಕೆ ನೀರು ಚಿಮುಕಿಸಿದ್ದರು, ಎದೆ ತಾನಾಗಿ ಸುಮ್ಮನಾಗಿತ್ತು. ಮೊದಲು ಕಿವಿಗೆ ಬಿದ್ದ ಮಾತು ಇದು:

"ಡ್ಯೂಟಿ ತಪ್ಪಿಸ್ಕೊಳ್ಳಕ್ಕೆ ಪ್ರತಿ ಸಲ ಯಾರಾದ್ರೊಬ್ರು ಬೀಳ್ತಾರೆ."

ಹೇಳಿದವರು ನಮ್ಮ ಸಾಲಿನ ಉಸ್ತುವಾರಿ ಅಧಿಕಾರಿ. ಚಿಕ್ಕಂದಿನ ಹೃದಯದ ಆಪರೇಷನ್ ವಿಷಯ ಹೇಳಿದೆ. ಅವರು ನನ್ನ ಮುಖ ನೋಡಿ, "ಮೇಡಂ, ಮನೆಗೆ ಹೋಗಿ. ಆದ್ರೆ ನಾಳಿದ್ದು ಹೃದಯದ ಡಾಕ್ಟರ ಹತ್ರನೇ ಸರ್ಟಿಫಿಕೇಟ್ ತಗೊಂಬನ್ನಿ. ಇಲ್ಲಾಂದ್ರೆ ನೋಟಿಸ್ ಬರುತ್ತೆ," ಎಂದರು.

ನನಗೆ ಭಯಕ್ಕಿಂತ ಸಿಟ್ಟು ಬಂತು. ಬಿದ್ದದ್ದು ನಿಜವೆಂದು ತೋರಿಸುವ ಹಟದಲ್ಲೇ ಮೈಸೂರಿನ ಹೃದಯದ ಆಸ್ಪತ್ರೆಗೆ ಹೋದೆ. ಸುದ್ದಿ ಕೇಳಿ ಬಂದಿದ್ದ ಅವ್ವನೂ ಜೊತೆಗಿದ್ದಳು. ಅಲ್ಲಿ ಸಿಕ್ಕ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಗಾಯ ನೋಡಿ, ಕಥೆ ಕೇಳಿ, ತಾವೇ ಎಕೋ ಮಾಡಿದರು. ತುಂಬ ಹೊತ್ತು ಪರದೆ ನೋಡಿ ಕೇಳಿದರು.

"ಕೊನೆಯ ಸಲ ಹೀಗೆ ಸ್ಕ್ಯಾನ್ ಮಾಡಿಸಿದ್ದು ಯಾವಾಗ?"

"ಮಗಳು ಹೊಟ್ಟೆಯಲ್ಲಿದ್ದಾಗ."

"ಅದಾದ ಮೇಲೆ?"

ಅವ್ವ ನಡುವೆ ಬಾಯಿ ಹಾಕಿದಳು. "ಆಪ್ರೇಸನ್ ಆಗೈತಲ್ಲ ಡಾಕ್ಟ್ರೆ. ಎಲ್ಲಾ ಸರಿ ಹೋಗೈತೆ ಅಂತ ನಿಮ್ಮೋರೇ ಅಂದಿದ್ರು."

ಡಾಕ್ಟರು ಕುರ್ಚಿಯನ್ನು ಅವ್ವನ ಕಡೆಗೆ ತಿರುಗಿಸಿಕೊಂಡು ಕೂತರು. "ಅಮ್ಮ, ಅವತ್ತು ಆ ಆಪರೇಷನ್ ಆಗದಿದ್ರೆ ಇವರು ಇವತ್ತು ಇಲ್ಲಿ ಇರ್ತಿರಲಿಲ್ಲ. ಅದು ಚೆನ್ನಾಗೇ ಆಗಿದೆ. ಇಕ್ಕಟ್ಟಾದ ದಾರಿಯನ್ನ ಅಗಲ ಮಾಡಿದಾಗ ಅಲ್ಲಿರೋ ಕವಾಟ ಸರಿಯಾಗಿ ಮುಚ್ಚೋ ಹಾಗೆ ಉಳಿಯಲ್ಲ. ಹೋದ ರಕ್ತ ಸ್ವಲ್ಪ ಸ್ವಲ್ಪ ವಾಪಸ್ ಬರ್ತಾ ಇರುತ್ತೆ. ವರ್ಷಗಟ್ಟಲೆ ಏನೂ ಗೊತ್ತಾಗಲ್ಲ. ಹೃದಯದ ಬಲಗಡೆ ಮೆಲ್ಲಗೆ ಊದಿಕೊಳ್ಳುತ್ತೆ, ಆಮೇಲೆ ಬಡಿತ ತಪ್ಪುತ್ತೆ. ಅದಕ್ಕೇ ಜೀವಮಾನವೆಲ್ಲ ತೋರಿಸ್ತಾ ಇರಬೇಕು ಅನ್ನೋದು. ಈಗ ಹೊಸ ಕವಾಟ ಹಾಕಬೇಕು. ಇನ್ನೂ ತಡ ಮಾಡಬಾರದು."

"ಅಂದ್ರೆ ಇನ್ನೊಂದ್ಸಲ ಕುಯ್ತೀರಾ?"

"ಹೌದಮ್ಮ."

ಅವ್ವ ಎದ್ದು ಹೊರಗೆ ಹೋದಳು. ವಾಪಸ್ ಬರುವಾಗ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹೇಳಿದಳು.

"ನಾನು ಒಪ್ಪಾಕಿಲ್ಲ."

ನನ್ನ ಇಷ್ಟು ವರ್ಷದ ಸಿಟ್ಟು ಅಲ್ಲೇ ಕಿತ್ತುಕೊಂಡು ಬಂತು. "ನೀರು ಹೊರಬ್ಯಾಡ, ಓಡಬ್ಯಾಡ, ನೆನೀಬ್ಯಾಡ ಅಂತ ನನ್ನ ಗೂಡಲ್ಲಿ ಇಟ್ಟು ಬೆಳೆಸ್ದೋಳು ನೀನು. ನಿಜವಾಗ್ಲೂ ಬೇಕಾದಾಗ ಬ್ಯಾಡ ಅಂತೀಯಲ್ಲವ್ವ. ಮಾಡಿಸ್ದೆ ಇದ್ರೆ ಏನಾಯ್ತದೆ ಅಂತ ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

"ಮತ್ತೆ?"

ಅವ್ವ ಕಟ್ಟೆಯ ಮೇಲೆ ಕೂತಳು. ಸುತ್ತ ಜನ, ಬಸ್ಸುಗಳ ಹಾರ್ನು. ಅವಳು ಮೆಲ್ಲಗೆ ಮಾತಾಡಿದಳು. "ನಿನ್ನ ಒಳಿಕ್ಕೆ ಕರ್ಕೊಂಡೋಗೋವಾಗ ಅವ್ವ ಅವ್ವ ಅಂತಿದ್ದೆ. ಬಾಗ್ಲು ಹಾಕೊಂಡ ಮ್ಯಾಲೂ ಕೇಳ್ತಿತ್ತು. ಸರಿ ಹೋಯ್ತು ಅನ್ನೋ ಒಂದ್ ಮಾತು ಕೇಳಕ್ಕೆ ನಾನು ಎಷ್ಟ್ ಊರು ತಿರುಗ್ದೆ ಅಂತ ನಿಂಗೊತ್ತಿಲ್ಲ. ಆ ಮಾತ್ನ ಈಗ ವಾಪಸ್ ತಕ್ಕೋತವ್ರೆ ಕಣಮ್ಮಿ."

 ಅವಳನ್ನು ರಾವಂದೂರಿನ ಬಸ್ಸು ಹತ್ತಿಸಿ ನಾನು ಕೆ.ಆರ್. ನಗರದ ಬಸ್ಸು ಹಿಡಿದೆ. ಸರ್ಟಿಫಿಕೇಟನ್ನು ಮಾರನೆಯ ದಿನ ಆ ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಓದಿ, "ಅಯ್ಯೋ, ನಿಜಾನಾ?" ಎಂದರು. ಅದರ ನಕಲಿಗೆ ಅವರ ಸಹಿ ಹಾಕಿಸಿಕೊಂಡು ಬಂದೆ.

ಮನೆಯಲ್ಲಿ ಬೇರೆಯದೇ ಚರ್ಚೆ ಶುರುವಾಗಿತ್ತು. ಹೊಸ ಕವಾಟವನ್ನು ಪ್ರಾಣಿಯ ಹೃದಯದ ಪೊರೆಯಿಂದ ಮಾಡಿರುತ್ತಾರೆ ಎಂದು ನಾನು ಯಜಮಾನರಿಗೆ ಹೇಳಿದ್ದು ಅತ್ತೆಯ ಕಿವಿಗೆ ಬಿದ್ದಿತ್ತು.

"ಯಾವ್ ಪ್ರಾಣಿದವ್ವ?"

"ದನದ್ದು ಅಂತ ಹೇಳಿದ್ರು ಅತ್ತೆ."

ಅತ್ತೆ ಕೊಟ್ಟಿಗೆಯ ಕಡೆ ನೋಡಿದರು. ಓರಗಿತ್ತಿ, ಪಕ್ಕದ ಮನೆಯವರು, ಎಲ್ಲರೂ ಸೇರಿ ಇದು ಸರಿಯೋ ತಪ್ಪೋ ಎಂದು ಎರಡು ದಿನ ಚರ್ಚೆ ಮಾಡಿದರು. ನನ್ನ ಹೃದಯ ಊದಿಕೊಂಡಿರುವುದರ ಬಗ್ಗೆ ಒಬ್ಬರೂ ಅಷ್ಟು ಹೊತ್ತು ಮಾತಾಡಿರಲಿಲ್ಲ. ಮೂರನೆಯ ಬೆಳಿಗ್ಗೆ ಅತ್ತೆ ತೀರ್ಪು ಕೊಟ್ಟರು. "ಅದರ ಹಾಲು ಕುಡ್ದೇ ಬೆಳ್ದಿದೀವಿ. ಇದೂ ಅಂಗೇ ಅಂದ್ಕೊ. ಹೋಗ್ಬುಟ್ಟು ಬಾ." ಯಜಮಾನರು ಆ ಹೊತ್ತಿಗೆ ಗ್ಯಾಸಿನ ಮಾತು ಬಿಟ್ಟಿದ್ದರು. ನಾನು ನೀರು ಕುಡಿಯಲು ಎದ್ದರೂ ಹಿಂದೆಯೇ ಎದ್ದು ಬರುತ್ತಿದ್ದರು. ಅದು ಇನ್ನೂ ಕಷ್ಟವಾಗಿತ್ತು.

ಆಪರೇಷನ್ನಿಗೆಂದು ಬೆಂಗಳೂರಿಗೆ ಹೊರಟ ದಿನ ಬೆಳಿಗ್ಗೆ ಕಾರಿನ ಹತ್ತಿರ ಅವ್ವ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ.

"ಒಪ್ಕೊಂಡು ಬಂದಿಲ್ಲ ನಾನು," ಎಂದಳು. "ಸುಮ್ಕೆ ಬಂದಿವ್ನಿ."

ಒಳಗೆ ಕರೆದೊಯ್ಯುವಾಗ ಅವಳು ತಳ್ಳುಮಂಚದ ಪಕ್ಕದಲ್ಲಿ ಬಾಗಿಲವರೆಗೂ ನಡೆದು ಬಂದಳು. ಏನಾದರೂ ಹೇಳುತ್ತಾಳೆ ಎಂದುಕೊಂಡೆ. ಜಡೆ ಸರಿಯಾಗಿ ಹೆಣೆದಿಲ್ಲ ಎಂದು ನರ್ಸಿಗೆ ಹೇಳಿದಳು. ನನಗೆ ನಗು ಬಂತು. ಹಾಗೆ ನಗುತ್ತಲೇ ಒಳಗೆ ಹೋದೆ. ಅವ್ವ ಈಗಲೂ ಬಂದವರಿಗೆಲ್ಲ ಹೇಳುವುದು ಅದನ್ನೇ: ಎರಡನೇ ಸಲ ನಮ್ಮ ಹುಡುಗಿ ನಗ್ತಾ ಹೋದ್ಲು.

ಆಪರೇಷನ್ ಆಯಿತು. ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕೆಮ್ಮಿದರೆ ಜೀವ ಹೋದ ಹಾಗಾಗುತ್ತಿತ್ತು. ಬಡಿತಕ್ಕೆ ಮಾತ್ರೆ ಈಗಲೂ ಇದೆ. ಹಲ್ಲು ಕೀಳಿಸುವ ಮೊದಲು ಸೋಂಕು ತಡೆಯುವ ಔಷಧಿ ತೆಗೆದುಕೊಳ್ಳಬೇಕು. ಅದನ್ನು ಹಲ್ಲಿನ ಡಾಕ್ಟರಿಗೆ ಒಪ್ಪಿಸುವುದೇ ಒಂದು ಸಾಹಸ. ಈ ಕವಾಟವೂ ಶಾಶ್ವತವಲ್ಲ, ಇನ್ನೊಂದು ದಿನ ಬದಲಾಯಿಸಬೇಕಾಗುತ್ತದೆ, ಆಗ ತೊಡೆಯ ನಾಳದ ಮೂಲಕವೇ ಆಗಬಹುದು ಎಂದಿದ್ದಾರೆ. ಅವ್ವನ ಎದುರಿಗೇ ಹೇಳಿಸಿದೆ, ಮತ್ತೆ ಮುಗಿಯಿತು ಅಂದುಕೊಳ್ಳಬಾರದೆಂದು. ಅವಳು ತಲೆಯಾಡಿಸಿದಳು. ಈಗ ವರ್ಷದ ತಪಾಸಣೆಗೆ ತಿಂಗಳುಗಟ್ಟಲೆ ಬಾಕಿ ಇರುವಾಗಲೇ ಫೋನ್ ಮಾಡಿ, "ಹೋಗಿದ್ಯಾ?" ಎನ್ನುತ್ತಾಳೆ. ಇನ್ನೂ ದಿನ ಇದೆಯವ್ವ ಎಂದರೆ, "ದಿನ ಅದೆ ಅಂತ ಕೂರ್ಬ್ಯಾಡ," ಎನ್ನುತ್ತಾಳೆ. ವಾರದಲ್ಲಿ ನಾಲ್ಕು ಸಲ.

ಸುಸ್ತು ಹೋಗಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಗದ್ದೆಯ ನಾಟಿಗೆ ಇಳಿದೆ, ಜೀವನದಲ್ಲಿ ಮೊದಲ ಸಲ. ಓರಗಿತ್ತಿ ಬದುವಿನ ಮೇಲಿಂದ ಸಾಕು ಸಾಕು ಎಂದು ಕೂಗುತ್ತಲೇ ಇದ್ದಳು. ಒಂದು ಸಾಲು ಪೂರ್ತಿ ನೆಟ್ಟೆ, ಸೊಟ್ಟಗೆ.

ಕಳೆದ ವರ್ಷ ನನ್ನ ತರಗತಿಗೆ ಒಂದು ಹುಡುಗಿ ಬಂದಳು. ತಂದೆ ಹುಣಸೂರಿನಲ್ಲಿ ಮರದ ಸಾಮಾನು ಮಾಡುವವರು. ತಾಯಿ ಬಂದು ಬುರ್ಖಾದ ತುದಿಯಲ್ಲಿ ಬೆವರು ಒರೆಸಿಕೊಳ್ಳುತ್ತ ಹೇಳಿದರು, "ಟೀಚರ್, ನಮ್ ಹುಡುಗೀನ ಆಟಕ್ಕೆ ಬಿಡ್ಬೇಡಿ. ಅವಳಿಗೆ ದಿಲ್‌ನಲ್ಲಿ ತೂತಿತ್ತು. ಚಿಕ್ಕೋಳಿದ್ದಾಗ ಆಪರೇಷನ್ ಆಗಿದೆ."

"ವರ್ಷ ವರ್ಷ ತೋರಿಸ್ತಿದ್ದೀರಾ?"

"ಇಲ್ಲ ಟೀಚರ್. ಆಪರೇಷನ್ ಆಗೋಯ್ತಲ್ಲ."

ನಾನು ಕೈಯಲ್ಲಿದ್ದ ಚಾಕ್‌ಪೀಸ್ ಕೆಳಗಿಟ್ಟೆ. ಓಡಲೂ ಬಿಡುವುದಿಲ್ಲ, ತೋರಿಸಲೂ ಹೋಗುವುದಿಲ್ಲ. ನಮ್ಮವ್ವನ ಎರಡೂ ತಪ್ಪುಗಳನ್ನು ಒಟ್ಟಿಗೆ ಹೊತ್ತ ಹೆಂಗಸು ನನ್ನೆದುರು ನಗುತ್ತ ನಿಂತಿದ್ದರು. ನಾನು ಎಷ್ಟು ಹೇಳಿದರೂ ಅವರು ಹಾಂ ಟೀಚರ್, ಹಾಂ ಟೀಚರ್ ಎಂದು ಹೋದರು, ತೋರಿಸಲಿಲ್ಲ. ಮೂರು ಸಲ ಮನೆಗೆ ಹೋದೆ. ಮೂರು ಸಲವೂ ಚಹಾ ಸಿಕ್ಕಿತು. ಕೊನೆಗೆ ನನ್ನ ತಪಾಸಣೆಯ ದಿನ ತಾಯಿ ಮಗಳಿಬ್ಬರನ್ನೂ ಬಸ್ಸು ಹತ್ತಿಸಿಯೇ ಬಿಟ್ಟೆ.

ಮೈಸೂರಿನ ಅದೇ ಡಾಕ್ಟರು ಹುಡುಗಿಯನ್ನು ನೋಡಿದರು. ತೂತು ಚೆನ್ನಾಗಿ ಮುಚ್ಚಿದೆ, ಆಡಲಿ, ಓಡಲಿ, ಎರಡು ವರ್ಷಕ್ಕೊಮ್ಮೆ ಕರೆತನ್ನಿ ಎಂದರು. ಹುಡುಗಿ ನನ್ನ ಮುಖ ನೋಡಿದಳು. ವಾಪಸ್ ಬರುವ ಬಸ್ಸು ಬಿಳಿಕೆರೆ ದಾಟಿದ ಮೇಲೆ ತಾಯಿ ನನ್ನ ಕಡೆ ತಿರುಗಿದರು.

"ಓಡ್ಲಿ ಅಂದ್ರಲ್ಲ ಟೀಚರ್. ಮೊದಲು ಜೋರಾಗಿ ನಡೀಲಿ. ಆಮೇಲೆ ನೋಡೋಣ."

 ಹುಡುಗಿ ಈಗ ಖೋಖೋ ತಂಡದಲ್ಲಿದ್ದಾಳೆ. ಆಟದ ಪೀರಿಯಡ್ಡಿನಲ್ಲಿ ತಾಯಿ ಶಾಲೆಯ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ, ನೀರಿನ ಬಾಟಲಿ ಹಿಡಿದು. ಹೋಗಿ ಎಂದು ಹೇಳಿ ನನಗೆ ಸಾಕಾಗಿದೆ. ಈಗ ಒಂದು ಕುರ್ಚಿ ಹಾಕಿಸಿದ್ದೇನೆ.